ಗಡಿಯೂರಿನಲ್ಲಿ ತಟಸ್ಥ ಭಾಷೆ

ಅಂತರ್‌ಸಾಂಸ್ಕೃತಿಕ ಸಂವಹನ ಎಂಬ ಶಾಸ್ತ್ರ ಬೆಳೆದದ್ದು ಪರದೇಶಕ್ಕೆ ಹೊರಟವರ ಅನುಕೂಲಕ್ಕಾಗಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳ ತರಬೇತಿಗೆ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಅವರನ್ನು ಕರೆಸಿಕೊಂಡಿತು. 1959ರಲ್ಲಿ ಬಂದ ಅವರ ‘ದ ಸೈಲೆಂಟ್ ಲ್ಯಾಂಗ್ವೇಜ್’ ಆ ಪಾಠಗಳ ಫಲ. 1980ರಲ್ಲಿ ಗೀರ್ಟ್ ಹಾಫ್‌ಸ್ಟೆಡ್ ಐಬಿಎಂ ಕಂಪನಿಯ ನೌಕರರ ಉತ್ತರಗಳನ್ನು ಲೆಕ್ಕಹಾಕಿ ದೇಶದೇಶಗಳಿಗೆ ಅಂಕ ಕೊಟ್ಟರು. ಭಾರತಕ್ಕೆಲ್ಲ ಸೇರಿ ಒಂದೇ ಅಂಕಪಟ್ಟಿ. ಇಬ್ಬರ ಲೋಕದಲ್ಲೂ ಸಂಸ್ಕೃತಿಗಳು ಬೇರೆ ಬೇರೆ ಮನೆಗಳಲ್ಲಿ ವಾಸಿಸುತ್ತವೆ. ಒಬ್ಬ ಅಪರಿಚಿತ ಬಂದು ಬಾಗಿಲು ತಟ್ಟುತ್ತಾನೆ. ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನಲ್ಲಿ ಕೂತು ಇವನ್ನು ಓದಿದರೆ ಆ ಅಪರಿಚಿತ ಎಲ್ಲೂ ಸಿಗುವುದಿಲ್ಲ. ಇಲ್ಲಿ ಕನ್ನಡ ಮನೆಯ ಮಾತು, ಮರಾಠಿ ಪೇಟೆಯ ಮಾತು. ಎರಡೂ ಒಂದೇ ಬಾಯಲ್ಲಿ ಇರುತ್ತವೆ.

ನಮ್ಮ ಸೀಮೆಗೆ ನಿಜವಾಗಿ ಕಿವಿಗೊಟ್ಟದ್ದು ಬೇರೆಯೇ ಪರಂಪರೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಒಂದು ಲೇಖನ ಜಗತ್ತಿನ ಅನೇಕ ಭಾಷಾವಿಜ್ಞಾನ ವಿಭಾಗಗಳಲ್ಲಿ ಇಂದಿಗೂ ಪಾಠವಾಗುತ್ತದೆ. ಅದರ ನೆಲ ಕಾಗವಾಡದಿಂದ ಉತ್ತರಕ್ಕೆ, ಸಾಂಗ್ಲಿಯ ಮಗ್ಗುಲಲ್ಲಿರುವ ಕುಪವಾಡ. ಆಗ ಸುಮಾರು 3,000 ಜನರ ಹಳ್ಳಿ. ಜೈನರು ಮತ್ತು ಲಿಂಗಾಯತರ ಮನೆಗಳಲ್ಲಿ ಕನ್ನಡ, ಮುಸ್ಲಿಮರಲ್ಲಿ ಉರ್ದು, ದಲಿತರಲ್ಲಿ ಮರಾಠಿ. ಹಗ್ಗ ಹೊಸೆಯುವವರು ತೆಲುಗಿನವರು. ಶತಮಾನಗಳ ಒಡನಾಟದಲ್ಲಿ ಈ ಭಾಷೆಗಳ ವಾಕ್ಯರಚನೆ ಹತ್ತಿರ ಹತ್ತಿರ ಬಂದು, ಸೊಪ್ಪು ಕೊಯ್ದು ತಂದ ಸುದ್ದಿಯನ್ನು ಮೂರು ಭಾಷೆಗಳಲ್ಲೂ ಅದೇ ಕ್ರಮದಲ್ಲಿ, ಅದೇ ತುಂಡುಗಳಾಗಿ ಹೇಳುವಂತಾಗಿತ್ತು. ಶಬ್ದಗಳು ಮಾತ್ರ ಬೇರೆಯಾಗಿ ಉಳಿದಿದ್ದವು. ಯಾಕೆಂದರೆ ಯಾರು ಯಾವ ಜಾತಿಯವರು ಎಂಬುದು ಮನೆಯ ಮಾತಿನಿಂದಲೇ ತಿಳಿಯಬೇಕಿತ್ತು. ದಿನವೂ ವ್ಯವಹರಿಸುವ, ಆದರೆ ಜೊತೆಗೆ ಕೂತು ಉಣ್ಣದ ಜನರ ನಡುವೆ ವ್ಯಾಕರಣ ಒಂದಾಗುತ್ತದೆ, ಶಬ್ದಕೋಶ ಬೇಲಿಯಾಗಿ ನಿಲ್ಲುತ್ತದೆ ಎಂಬ ಈ ಒಳನೋಟಕ್ಕೆ ನಾನು ತಲೆಬಾಗುತ್ತೇನೆ. ನಮ್ಮ ಶಂ.ಬಾ. ಜೋಶಿಯವರು ಮಹಾರಾಷ್ಟ್ರದ ಊರ ಹೆಸರುಗಳಲ್ಲಿ ಮರೆಯಾದ ಕನ್ನಡವನ್ನು ಹುಡುಕಿದರು. ಅವರದು ಬೇರಿನ ಶೋಧ. ಗಂಪರ್ಜ್ ಕೇಳಿಸಿಕೊಂಡದ್ದು ಇವತ್ತಿನ ಮಾತನ್ನು. ಎರಡನ್ನೂ ಒಟ್ಟಿಗಿಟ್ಟು ಓದುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು.

ನನ್ನ ತಕರಾರು ಇರುವುದು ಆ ಲೇಖನದ ಒಂದು ಮಾತಿನ ಬಗ್ಗೆ. ಬೇರೆ ಬೇರೆ ಜಾತಿಯವರು ಸೇರಿದಾಗ ಕುಪವಾಡದಲ್ಲಿ ಮರಾಠಿ ಬಳಕೆಯಾಗುತ್ತಿತ್ತು, ಊರಿನ ಪ್ರಬಲರ ಮನೆಮಾತಲ್ಲದ ಕಾರಣ ಅದು ತಟಸ್ಥ ಎನ್ನುತ್ತಾರೆ ಲೇಖಕರು. ಊರೊಳಗೆ ಅದು ತಟಸ್ಥವಾಗಿ ಕಂಡಿರಬಹುದು. ಆದರೆ ಶಾಲೆಯೂ ಕಚೇರಿಯೂ ಆಗಲೇ ಮರಾಠಿಯವಾಗಿದ್ದವು. ರಾಜ್ಯದ ಬಲ ಬೆನ್ನಿಗಿರುವ ಭಾಷೆ ಊರ ಕಟ್ಟೆಯ ಮೇಲೆ ಮಾತ್ರ ನಿಷ್ಪಕ್ಷಪಾತಿಯಾಗಿ ಕೂರುವುದು ಹೇಗೆ?

ಕಬ್ಬೂರಿನ ಸೀಮೆಯಲ್ಲಿ ಒಂದು ವರ್ಷ ಕಳೆದವರಿಗೆ ಇದು ಸ್ಪಷ್ಟವಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಬೀಡ ಜಿಲ್ಲೆಯ ಕಡೆಯಿಂದ ಕಡಿಯುವ ಗ್ಯಾಂಗುಗಳು ಬರುತ್ತವೆ. ಹೊಲದ ಬದುವಿನಲ್ಲಿ ಗುಡಿಸಲು ಹಾಕಿಕೊಂಡ ಆ ಕುಟುಂಬಗಳದು ಮರಾಠಿ. ರೈತ ಗ್ಯಾಂಗಿನ ಮುಖಂಡನಾದ ಮುಕಾದಮನ ಜೊತೆ ಮರಾಠಿಯಲ್ಲೇ ಮಾತಾಡುತ್ತಾನೆ, ಆದರೆ ಹೊಲದ ಒಡೆಯನ ಧಾಟಿಯಲ್ಲಿ. ಅದೇ ರೈತ ತನ್ನ ತಾಯಿಯನ್ನು ಮಿರಜದ ಆಸ್ಪತ್ರೆಗೆ ಕರೆದೊಯ್ದಾಗ ಅದೇ ಮರಾಠಿಯಲ್ಲಿ ದನಿ ತಗ್ಗಿಸುತ್ತಾನೆ. ಅರಿಶಿನ ತುಂಬಿಕೊಂಡು ಸಾಂಗ್ಲಿ ಮಾರುಕಟ್ಟೆಗೆ ಹೋದರೆ ದಲಾಲರ ಮುಂದೆ ಮತ್ತೊಂದು ದನಿ. ‘ಎದ್ಯಾಗ ಕುಟುಕುಟು ಅಂತೈತಿ’ ಅನ್ನುವ ತಾಯಿಯ ಕನ್ನಡ ಮಗನ ಬಾಯಿಂದ ಮರಾಠಿಯಾಗಿ ವೈದ್ಯರ ಕಿವಿ ಮುಟ್ಟುವಷ್ಟರಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಸೋರುತ್ತದೆ? ಭಾಷೆ ಒಂದೇ, ಆಡುವ ಬಾಯಿಯೂ ಒಂದೇ. ಬದಲಾದದ್ದು ಯಾರ ಕೈಯಲ್ಲಿ ಏನಿದೆ ಎಂಬುದು. ‘ಸಂಸ್ಕೃತಿ ಭೇದ’ ಎಂಬ ಪದ ಇದನ್ನು ವಿವರಿಸಲಾರದು.

ಬಲ ಯಾರ ಕೈಯಲ್ಲಿದೆ ಎಂದು ಕೇಳದ ಇದೇ ಕೊರತೆ ಗಂಪರ್ಜ್ ಅವರ ಮುಂದಿನ ಕೆಲಸದಲ್ಲೂ ಕಾಣುತ್ತದೆ. ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದ ಕ್ಯಾಂಟೀನಿನಲ್ಲಿ ಭಾರತ, ಪಾಕಿಸ್ತಾನ ಮೂಲದ ಹೆಣ್ಣುಮಕ್ಕಳು ಬಡಿಸುವಾಗ ‘ಗ್ರೇವಿ?’ ಎಂದು ಕೇಳಬೇಕಾದಲ್ಲಿ ದನಿ ಇಳಿಸಿ ‘ಗ್ರೇವಿ’ ಎನ್ನುತ್ತಿದ್ದರು. ಇಂಗ್ಲಿಷರಿಗೆ ಅದು ಒರಟುತನವಾಗಿ ಕೇಳಿಸುತ್ತಿತ್ತು. ಧ್ವನಿಮುದ್ರಣ ಕೇಳಿಸಿ ಇಬ್ಬರಿಗೂ ತಿಳಿಹೇಳಿದಾಗ ಬಿಗುವು ಸಡಿಲವಾಯಿತು. 1982ರ ‘ಡಿಸ್ಕೋರ್ಸ್ ಸ್ಟ್ರಾಟಜೀಸ್’ ಕೃತಿಯಲ್ಲಿರುವ ಈ ಪ್ರಸಂಗ ಸಂಸ್ಥೆಗಳೊಳಗಿನ ಸಂವಹನದ ಅಧ್ಯಯನಕ್ಕೆ ಹೊಸ ದಾರಿ ತೆರೆಯಿತು. ಆ ಹೆಣ್ಣುಮಕ್ಕಳನ್ನು ಸಿಡುಕಿನವರು, ಅಸಹಕಾರಿಗಳು ಎಂಬ ಆರೋಪದಿಂದ ಪಾರು ಮಾಡಿದ್ದು ಸಣ್ಣ ಮಾತಲ್ಲ. ಆದರೂ ವರ್ಣಭೇದವನ್ನು ದನಿಯ ಏರಿಳಿತದ ಸಮಸ್ಯೆಯಾಗಿ ಇಳಿಸಿದರೆಂದು ಟೀಕಾಕಾರರು ಹೇಳಿದ್ದರಲ್ಲಿ ಹುರುಳಿದೆ. ದನಿ ತಿದ್ದಿಕೊಳ್ಳುವ ಹೊಣೆ ಯಾವಾಗಲೂ ಬಡಿಸುವವಳ ಮೇಲೆಯೇ ಬೀಳುತ್ತದೆ.

ಸಮೂಹ ಮಾಧ್ಯಮದ ವಿಷಯದಲ್ಲಿ ಈ ಪರಂಪರೆ ಬಹುತೇಕ ಮೌನ. ಧಾರವಾಡ ಆಕಾಶವಾಣಿ 1950ರಲ್ಲಿ, ಸಾಂಗ್ಲಿಯದು 1963ರಲ್ಲಿ ಆರಂಭವಾದವು. ಕೃಷ್ಣೆಯ ಈ ದಂಡೆಯ ರೇಡಿಯೊಗಳಿಗೆ ಎರಡೂ ಸಿಕ್ಕವು. ಒಂದೇ ಮಳೆ, ಒಂದೇ ಕಬ್ಬು. ಸಲಹೆ ಮಾತ್ರ ಎರಡು ರಾಜ್ಯಗಳಿಂದ, ಎರಡು ಭಾಷೆಗಳಲ್ಲಿ. ಯಾವುದನ್ನು ನಂಬುವುದು ಎಂದು ರೈತ ತೀರ್ಮಾನಿಸಿದ್ದು ಹೇಗೆ ಎಂಬುದು ಮುಖಾಮುಖಿ ಮಾತನ್ನಷ್ಟೇ ಮುದ್ರಿಸಿಕೊಳ್ಳುವ ವಿಧಾನಕ್ಕೆ ದಕ್ಕುವುದಿಲ್ಲ.

ಕನ್ನಡಿಗರಾದ ನಾವು ಇಷ್ಟಕ್ಕೇ ನಿಲ್ಲಿಸುವಂತಿಲ್ಲ. ಮಿರಜದ ಆಸ್ಪತ್ರೆಯಲ್ಲಿ ಕಬ್ಬೂರಿನ ತಾಯಿಗೆ ಆಗುವ ಕಷ್ಟವೇ ನಿಪ್ಪಾಣಿ ಕಡೆಯ ಮರಾಠಿ ಮುದುಕಿಗೆ ನಮ್ಮ ತಹಶೀಲ್ದಾರ ಕಚೇರಿಯಲ್ಲಿ ಪಿಂಚಣಿ ಅರ್ಜಿ ಹಿಡಿದು ನಿಂತಾಗ ಆಗುತ್ತದೆ. ನಮ್ಮ ರಾಜ್ಯದ 1963ರ ರಾಜಭಾಷಾ ಕಾಯ್ದೆಯ ಬಳಿಕ ಆ ಕಚೇರಿಯಲ್ಲಿ ಬಲವಿರುವುದು ಕನ್ನಡಕ್ಕೆ. ಕನ್ನಡದ ಆಡಳಿತ ಬೇಕೆಂದು ಮನಸಾರೆ ಬಯಸುವ ನಾನು ಆಕೆಯ ಅರ್ಜಿ ಬರೆದುಕೊಡುವ ಗುಮಾಸ್ತನೂ ಅಲ್ಲೇ ಇರಬೇಕು ಎನ್ನುತ್ತೇನೆ. ಗಂಪರ್ಜ್ ಪರಂಪರೆಯ ಧ್ವನಿಮುದ್ರಣ ಯಂತ್ರವನ್ನು ಇನ್ನು ಇಡಬೇಕಾದದ್ದು ಈ ಎರಡು ಮೇಜುಗಳ ಮೇಲೆ.