ಕಟ್ಟುವವರ ಪತ್ರಿಕೆ, ಕೊಳ್ಳುವವರ ಪತ್ರಿಕೆ

2014ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯ ಕಾರ್‌ಸ್ಟೆನ್ಸ್ ಪಬ್ಲಿಕೇಷನ್ಸ್ ಬಾಗಿಲು ಹಾಕಿತು. ಅದರ ರೈಲು ಪತ್ರಿಕೆಗಳನ್ನು ಬೇರೊಬ್ಬ ಪ್ರಕಾಶಕರು ಕೊಂಡು ಮುಂದುವರಿಸಿದರು. ಮಾದರಿ ವಿಮಾನಗಳ ಪತ್ರಿಕೆ ‘ಫ್ಲೈಯಿಂಗ್ ಮಾಡೆಲ್ಸ್’ ಮಾತ್ರ ನಿಂತೇ ಹೋಯಿತು. 1928ರಲ್ಲಿ ‘ಫ್ಲೈಯಿಂಗ್ ಏಸಸ್’ ಎಂಬ ಹೆಸರಿನಲ್ಲಿ ಯುದ್ಧವಿಮಾನದ ಕತೆಗಳ ಅಗ್ಗದ ಪತ್ರಿಕೆಯಾಗಿ ಹುಟ್ಟಿ, ಕತೆಗಳ ನಡುವೆ ವಿಮಾನದ ನಕ್ಷೆಗಳನ್ನೂ ಅಚ್ಚು ಹಾಕುತ್ತ, 1947ರಲ್ಲಿ ಹೆಸರು ಬದಲಿಸಿಕೊಂಡ ಪತ್ರಿಕೆ ಅದು. ಅದು ನಿಲ್ಲುವುದಕ್ಕೆ ಒಂಬತ್ತು ವರ್ಷ ಮೊದಲು, 2005ರಲ್ಲಿ, ಕ್ಯಾಲಿಫೋರ್ನಿಯಾದ ‘ಆರ್‌ಸಿ ಮಾಡೆಲರ್’ ನಿಂತಿತ್ತು. ರೇಡಿಯೊ ನಿಯಂತ್ರಿತ ವಿಮಾನಗಳ ಹವ್ಯಾಸಕ್ಕೆ 1963ರಿಂದ ಅದೇ ದೊಡ್ಡಣ್ಣ. 1971ರಲ್ಲಿ ಹುಟ್ಟಿದ ‘ಮಾಡೆಲ್ ಬಿಲ್ಡರ್’ 1990ರ ದಶಕವನ್ನು ದಾಟಲಿಲ್ಲ.

ಈ ಸಾವುಗಳಿಗೆಲ್ಲ ಒಂದೇ ಕಾರಣ ಹೇಳುವುದು ರೂಢಿ: ಇಂಟರ್‌ನೆಟ್ ಬಂತು, ಪತ್ರಿಕೆ ಹೋಯಿತು. ಹೇಳಲು ಸುಲಭ, ಯಾರ ಮೇಲೂ ತಪ್ಪು ಹೊರಿಸಬೇಕಾಗಿಲ್ಲ. ಆದರೆ ‘ಅಮೆರಿಕನ್ ಏರ್‌ಕ್ರಾಫ್ಟ್ ಮಾಡೆಲರ್’ ಎಂಬ ಸೊಗಸಾದ ಪತ್ರಿಕೆ ಮುಚ್ಚಿದ್ದು 1975ರಲ್ಲಿ. ಆಗ ಇಂಟರ್‌ನೆಟ್ ಎಲ್ಲಿತ್ತು? ನನ್ನ ಅಭಿಪ್ರಾಯದಲ್ಲಿ ಇಂಟರ್‌ನೆಟ್ ಬಂದದ್ದು ಕೊನೆಗೆ. ಅಷ್ಟರೊಳಗೆ ಈ ಪತ್ರಿಕೆಗಳ ಓದುಗನೇ ಬದಲಾಗಿದ್ದ. ಹಾಗೆ ಬದಲಾಗುವುದಕ್ಕೆ ಪತ್ರಿಕೆಗಳೂ ಕೈಜೋಡಿಸಿದ್ದವು. ಇದನ್ನು ಒಪ್ಪಬೇಕಾದರೆ ಅವು ತಮ್ಮ ಒಳ್ಳೆಯ ಕಾಲದಲ್ಲಿ ಏನು ಬರೆಯುತ್ತಿದ್ದವು ಎಂಬುದನ್ನು ಮೊದಲು ನೋಡಬೇಕು.

ಅವುಗಳ ಜೀವಾಳ ನಿರ್ಮಾಣ ಲೇಖನ. ಒಬ್ಬ ಹವ್ಯಾಸಿ ತಾನು ಕಟ್ಟಿ, ಹಾರಿಸಿ, ಮುರಿದು, ತಿದ್ದಿದ ಒಂದು ವಿಮಾನವನ್ನು ಬೇರೆಯವರೂ ಕಟ್ಟುವಂತೆ ಬರೆದುಕೊಡುವ ಲೇಖನ. ಜೊತೆಗೆ ನಕ್ಷೆ. 1930ರ ದಶಕದಲ್ಲಿ ರಬ್ಬರ್ ಎಳೆಯಿಂದ ಹಾರುವ ಚಿಕ್ಕ ವಿಮಾನಗಳ ನಕ್ಷೆಯನ್ನು ಎಷ್ಟೋ ಸಲ ಪೂರ್ತಿ ಅಳತೆಯಲ್ಲೇ, ಪುಟಗಳನ್ನು ಜೋಡಿಸಿಕೊಳ್ಳುವಂತೆ ಅಚ್ಚು ಹಾಕುತ್ತಿದ್ದರು. ಮುಂದೆ ವಿಮಾನಗಳು ದೊಡ್ಡವಾದಂತೆ ಪುಟದಲ್ಲಿ ಕಿರಿದು ಮಾಡಿದ ಚಿತ್ರ ಬರುತ್ತಿತ್ತು; ಹಣ ಕಳಿಸಿದರೆ ಪೂರ್ತಿ ಅಳತೆಯ ಹಾಳೆ ಅಂಚೆಯಲ್ಲಿ ಬರುತ್ತಿತ್ತು. ಆ ಹಾಳೆಯನ್ನು ಹಲಗೆಯ ಮೇಲೆ ಹಾಸಿ, ಮೇಣದ ಕಾಗದ ಮುಚ್ಚಿ, ಬಾಲ್ಸಾ ಎಂಬ ಹಗುರ ಮರದ ಕಡ್ಡಿಗಳನ್ನು ಗುಂಡುಸೂಜಿಯಿಂದ ಹಿಡಿಸಿ ನೇರವಾಗಿ ಅದರ ಮೇಲೆಯೇ ರೆಕ್ಕೆ ಕಟ್ಟಬೇಕು. ಅಂದರೆ ಓದುವುದೂ ಕಟ್ಟುವುದೂ ಒಂದೇ ಹಾಳೆಯ ಮೇಲೆ ನಡೆಯುವ ಕೆಲಸ. ಇಂಥ ಸಾಹಿತ್ಯ ಜಗತ್ತಿನಲ್ಲಿ ಹೆಚ್ಚಿಲ್ಲ. ಹೊಲಿಗೆ ಪತ್ರಿಕೆಗಳ ಕಟಿಂಗ್ ಹಾಳೆ ಬಿಟ್ಟರೆ ನನಗೆ ಬೇರೆ ನೆನಪಾಗುವುದಿಲ್ಲ.

ಈ ಲೇಖನಗಳನ್ನು ಗದ್ಯವೆಂದು ಓದಿದರೂ ತೂಕವಿದೆ. ಪೀಠಿಕೆ ಒಂದೆರಡು ಪ್ಯಾರಾ, ಆಮೇಲೆ ಬರೀ ಕೆಲಸ. ಬಾಲ್ಸಾ ಆರಿಸುವ ಭಾಗವನ್ನೇ ತೆಗೆದುಕೊಳ್ಳಿ. ಒಂದೇ ಅಳತೆಯ ಎರಡು ಬಾಲ್ಸಾ ಹಲಗೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ತೂಗಬಹುದು. ಮರವನ್ನು ಯಾವ ದಿಕ್ಕಿಗೆ ಕೊಯ್ದರು ಎಂಬುದರ ಮೇಲೆ ಒಂದು ಹಲಗೆ ಸುಲಭವಾಗಿ ಬಾಗುತ್ತದೆ, ಇನ್ನೊಂದು ಬಾಗಿಸಹೋದರೆ ಸೀಳುತ್ತದೆ. ಬಾಗುವುದು ವಿಮಾನದ ಮೈಗೆ, ಬಾಗದ್ದು ರೆಕ್ಕೆಯ ರಿಬ್ಬುಗಳಿಗೆ. ಒಳ್ಳೆಯ ಲೇಖಕ ಇದನ್ನು ಮೂರು ವಾಕ್ಯದಲ್ಲಿ ಹೇಳಿ, ಬಾಲದ ಕಡೆಗೆ ಕೈಗೆ ಸಿಕ್ಕಿದ್ದರಲ್ಲಿ ಅತಿ ಹಗುರವಾದ ಮರ ಹಾಕಿ ಎಂದು ಎಚ್ಚರಿಸಿ ಮುಂದಕ್ಕೆ ಹೋಗುತ್ತಾನೆ. ಯಾಕೆಂದರೆ ಬಾಲ ಗುರುತ್ವ ಕೇಂದ್ರದಿಂದ ದೂರ, ಮೂಗು ಹತ್ತಿರ. ಬಾಲದಲ್ಲಿ ಒಂದು ಗ್ರಾಂ ಹೆಚ್ಚಾದರೆ ಅದನ್ನು ಸರಿದೂಗಿಸಲು ಮೂಗಿಗೆ ಎರಡು ಮೂರು ಗ್ರಾಂ ಸೀಸ ತುಂಬಬೇಕು. ಹದಿನೈದು ವರ್ಷದ ಹುಡುಗ ಇಲ್ಲಿ ಸನ್ನೆಕೋಲಿನ ನಿಯಮವನ್ನು ಸೂತ್ರವಾಗಿ ಕಲಿಯುತ್ತಿಲ್ಲ, ತನ್ನ ಸೋಮಾರಿತನದ ದಂಡವಾಗಿ ಕಲಿಯುತ್ತಿದ್ದಾನೆ.

ಇದಕ್ಕೆ ಸಂಪಾದಕರ ಕೈ ಬೇಕಿತ್ತು. 1929ರಲ್ಲಿ ಆರಂಭವಾದ ‘ಮಾಡೆಲ್ ಏರ್‌ಪ್ಲೇನ್ ನ್ಯೂಸ್’ಗೆ 1930ರ ದಶಕದಲ್ಲಿ ಸಂಪಾದಕರಾಗಿದ್ದ ಚಾರ್ಲ್ಸ್ ಗ್ರಾಂಟ್ ಆಟಿಕೆ ಮಾರುವ ಮನುಷ್ಯರಲ್ಲ. ಮಾದರಿ ವಿಮಾನ ಯಾಕೆ ಉರುಳುತ್ತದೆ, ಯಾಕೆ ತಾನಾಗಿಯೇ ನೆಟ್ಟಗಾಗುತ್ತದೆ ಎಂಬುದನ್ನು ಅವರು ಕಂತುಗಳಲ್ಲಿ ಬರೆದರು. 1941ರಲ್ಲಿ ಅದೇ ವಿಷಯದ ಮೇಲೆ ದಪ್ಪ ಪುಸ್ತಕವನ್ನೂ ತಂದರು. ಅರ್ಲ್ ಸ್ಟಾಲ್ ಅವರ ರಬ್ಬರ್ ವಿಮಾನಗಳ ನಕ್ಷೆಗಳು, ವಿಲಿಯಂ ವೈಲಮ್ ಅವರು ಪ್ರತಿ ರಿವೆಟ್ಟನ್ನೂ ಲೆಕ್ಕ ಹಾಕಿದಂತೆ ಬಿಡಿಸಿದ ನಿಜ ವಿಮಾನಗಳ ರೇಖಾಚಿತ್ರಗಳು, ಜೋ ಕೊಟುಲಾ ದಶಕಗಳ ಕಾಲ ಬರೆದ ಮುಖಪುಟಗಳು ಆ ಕಾಲದವು. ಬಿಲ್ ವಿಂಟರ್ ಒಂದರ ನಂತರ ಒಂದು ಪತ್ರಿಕೆಯ ಸಂಪಾದಕರಾಗಿ ಎರಡು ಮೂರು ತಲೆಮಾರಿನ ಲೇಖಕರನ್ನು ತಿದ್ದಿದರು. ಲೇಖಕರಲ್ಲಿ ಹೆಚ್ಚಿನವರು ಬರವಣಿಗೆಯಿಂದ ಹೊಟ್ಟೆ ಹೊರೆಯುವವರಲ್ಲ. ‘ಮಾಡೆಲ್ ಬಿಲ್ಡರ್’ನಲ್ಲಿ ತಿಂಗಳ ಮೇಲೆ ತಿಂಗಳು ಬರೀ ಹದಿಮೂರು ಇಂಚು ರೆಕ್ಕೆಯ ‘ಪೀನಟ್’ ವಿಮಾನಗಳ ನಕ್ಷೆ ಕೊಟ್ಟ ವಾಲ್ಟ್ ಮೂನಿ ವೃತ್ತಿಯಿಂದ ವಿಮಾನ ಎಂಜಿನಿಯರ್. ಅಂಗೈ ಮೇಲೆ ಕೂರುವ ವಿಮಾನಕ್ಕೆ ಅವರು ಕೊಟ್ಟ ಗಮನವನ್ನು ನೋಡಿದರೆ, ಹಗಲಿನ ಕೆಲಸದಲ್ಲಿ ಸಿಗದ ಯಾವುದೋ ಸುಖ ಇಲ್ಲಿ ಸಿಗುತ್ತಿತ್ತು ಅನಿಸುತ್ತದೆ.

ಹೊಗಳಿಕೆ ಇಲ್ಲಿಗೆ ಸಾಕು. ಈ ಪತ್ರಿಕೆಗಳನ್ನು ನೆನೆದು ಕಣ್ಣೀರಿಡುವವರು ಎರಡು ವಿಷಯಗಳನ್ನು ಮರೆಯುತ್ತಾರೆ.

ಮೊದಲನೆಯದು, ಇವುಗಳ ಲೋಕ ಬಹಳ ಸಣ್ಣದು, ಮತ್ತು ಅದನ್ನು ದೊಡ್ಡದು ಮಾಡಬೇಕೆಂಬ ಆಸೆಯೂ ಅವಕ್ಕೆ ಇದ್ದಂತೆ ಕಾಣುವುದಿಲ್ಲ. ಓದುಗ ಎಂದರೆ ಗಂಡಸು ಅಥವಾ ಗಂಡುಹುಡುಗ, ಗ್ಯಾರೇಜು ಇರುವ ಮನೆಯವನು. ‘ಆರ್‌ಸಿ ಮಾಡೆಲರ್’ನ ಎಷ್ಟೋ ಮುಖಪುಟಗಳಲ್ಲಿ ವಿಮಾನ ಹಿಡಿದು ನಗುತ್ತ ನಿಂತ ತರುಣಿಯರಿದ್ದಾರೆ, ಆ ವಿಮಾನ ಕಟ್ಟಿದವರ ಸಾಲಿನಲ್ಲಿ ಹೆಂಗಸರ ಹೆಸರು ಹುಡುಕಿ ನೋಡಿ, ಕೈಬೆರಳು ಹೆಚ್ಚಾಗುತ್ತವೆ. ಅರ್ಧ ಜನಸಂಖ್ಯೆಯನ್ನು ಅಲಂಕಾರಕ್ಕೆ ಇಟ್ಟುಕೊಂಡ ಪತ್ರಿಕೆ, ಮುಂದೊಂದು ದಿನ ಓದುಗರು ಮುದುಕರಾದರು, ಹೊಸಬರು ಬರುತ್ತಿಲ್ಲ ಎಂದು ಕೊರಗಿದರೆ ಏನು ಹೇಳುವುದು?

ಎರಡನೆಯದು ಇನ್ನೂ ಮುಖ್ಯ: ಉತ್ಪನ್ನ ವಿಮರ್ಶೆ ಎಂಬ ಹೆಸರಿನ ಬರಹ. ಕಿಟ್ಟಿನ ಪೆಟ್ಟಿಗೆ ತೆರೆದಾಗ ಭಾಗಗಳು ಚೆನ್ನಾಗಿ ಪ್ಯಾಕ್ ಆಗಿದ್ದವು, ಕೈಪಿಡಿ ಸ್ಪಷ್ಟವಾಗಿತ್ತು, ವಿಮಾನ ಹಳಿ ಮೇಲೆ ಓಡಿದಂತೆ ಹಾರಿತು, ಇಳಿಯುವಾಗ ಸ್ವಲ್ಪ ವೇಗ ಹೆಚ್ಚಿರಲಿ, ಇಷ್ಟೇ. ನಾಲ್ಕು ಪುಟ ತಿರುಗಿಸಿದರೆ ಅದೇ ವಿಮಾನದ ಬಣ್ಣದ ಜಾಹೀರಾತು. ಕೆಟ್ಟ ವಿಮಾನ ಎಂಬುದು ಭೂಮಿಯ ಮೇಲೆ ಇಲ್ಲವೇ ಇಲ್ಲ ಎಂಬಂತೆ ವರ್ಷಗಟ್ಟಲೆ ಬರೆದರು. ನಿರ್ಮಾಣ ಲೇಖನದಲ್ಲಿ ಲೇಖಕ ತನ್ನ ಹೆಸರನ್ನು ಪಣಕ್ಕಿಡುತ್ತಿದ್ದ. ರೆಕ್ಕೆ ಮುರಿದರೆ ಓದುಗರ ಪತ್ರ ಬರುತ್ತಿತ್ತು, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಬೇಕಿತ್ತು. ಉತ್ಪನ್ನ ವಿಮರ್ಶೆಯಲ್ಲಿ ಯಾರ ಹೆಸರೂ ಪಣಕ್ಕಿರಲಿಲ್ಲ. ಒಂದೇ ಪತ್ರಿಕೆಯೊಳಗೆ ಪ್ರಾಮಾಣಿಕತೆಗೆ ಎರಡು ಅಳತೆಗೋಲು.

ಅತ್ತ ವಿಮಾನವೂ ಬದಲಾಗುತ್ತಿತ್ತು. ಪೆಟ್ಟಿಗೆಯಲ್ಲೇ ಮುಕ್ಕಾಲು ಪಾಲು ಕಟ್ಟಿ ಬರುವ, ರೆಕ್ಕೆಗೆ ಹೊದಿಕೆ ಕೂಡ ಹಾಕಿರುವ ‘ಎಆರ್‌ಎಫ್’ ವಿಮಾನಗಳು ಏಷ್ಯಾದ ಕಾರ್ಖಾನೆಗಳಿಂದ ಬಂದವು. ಆಮೇಲೆ ಫೋಮ್ ವಿಮಾನಗಳು. 2000ದ ದಶಕದಲ್ಲಿ ಲಿಥಿಯಂ ಪಾಲಿಮರ್ ಬ್ಯಾಟರಿ, ಬ್ರಷ್‌ಲೆಸ್ ಮೋಟಾರು, 2.4 ಗಿಗಾಹರ್ಟ್ಸ್ ರೇಡಿಯೊ ಒಟ್ಟಿಗೆ ಸೇರಿದ ಮೇಲೆ, ಬೆಳಿಗ್ಗೆ ಕೊಂಡ ವಿಮಾನ ಸಂಜೆಗೆ ಹಾರುತ್ತಿತ್ತು. ಎಂಜಿನಿನ ಎಣ್ಣೆಯಿಲ್ಲ, ಹೊದಿಕೆಗೆ ಬಳಿಯುವ ಡೋಪಿನ ವಾಸನೆಯಿಲ್ಲ. ಇದನ್ನು ಹಳಿಯಲು ನನಗೆ ಮನಸ್ಸಿಲ್ಲ. ಹಾರಿಸುವ ಸುಖ ಬೇಕಾದವನು ಕಟ್ಟುವ ಕಷ್ಟ ಪಡಲೇಬೇಕೆಂಬ ಶಾಸ್ತ್ರವೇನಿಲ್ಲ. ಆದರೆ ಪತ್ರಿಕೆಗೆ ಇದರಿಂದ ಆದದ್ದನ್ನು ನೋಡಿ. ಕಟ್ಟುವವನಿಗೆ ನಕ್ಷೆ ಬೇಕು, ಅಂಟು ಬೇಕು, ಮರ ಬೇಕು, ಸಲಹೆ ಬೇಕು. ಒಂದು ವಿಮಾನ ಮುಗಿಯುವ ತನಕ ಹಳೆಯ ಸಂಚಿಕೆ ಮೇಜಿನ ಮೇಲೆ ತೆರೆದೇ ಇರುತ್ತದೆ. ಕೊಳ್ಳುವವನಿಗೆ ಬೇಕಾದ್ದು ಬೆಲೆ ಮತ್ತು ಬಿಡಿಭಾಗ. ಅವನಿಗೆ ಪತ್ರಿಕೆ ಒಂದು ಕ್ಯಾಟಲಾಗು, ಅಷ್ಟೆ.

ಜಾಹೀರಾತಿನ ಹಣ ಯಾವ ಕಡೆ ಇತ್ತೋ ಪತ್ರಿಕೆಗಳೂ ಆ ಕಡೆ ವಾಲಿದವು. ನಕ್ಷೆಯ ಪುಟಗಳು ಕಡಿಮೆಯಾದವು, ವಿಮರ್ಶೆಯ ಪುಟಗಳು ಹೆಚ್ಚಾದವು. ಕ್ಯಾಟಲಾಗಿನ ಕೆಲಸವನ್ನು ತಿಂಗಳುಗಳ ಮೊದಲೇ ಅಚ್ಚಿಗೆ ಹೋಗುವ ಕಾಗದಕ್ಕಿಂತ ಇಂಟರ್‌ನೆಟ್ ಸಾವಿರ ಪಾಲು ಚೆನ್ನಾಗಿ ಮಾಡುತ್ತದೆ. ಕಟ್ಟುವವನನ್ನು ಬಿಟ್ಟು ಕೊಳ್ಳುವವನ ಹಿಂದೆ ಹೋದ ಪತ್ರಿಕೆಗೆ, ಕೊಳ್ಳುವವನೂ ಬಿಟ್ಟುಹೋದ ಮೇಲೆ ಉಳಿದದ್ದೇನು? ಆ ಜಾಹೀರಾತುದಾರರಾದರೂ ಉಳಿದರೇ ಎಂದರೆ ಅದೂ ಇಲ್ಲ. ಗ್ರೇಟ್ ಪ್ಲೇನ್ಸ್, ಟಾಪ್ ಫ್ಲೈಟ್, ಟವರ್ ಹಾಬೀಸ್ ಮುಂತಾದ ಹೆಸರುಗಳನ್ನೆಲ್ಲ ಒಂದೇ ಸೂರಿನಡಿ ಇಟ್ಟುಕೊಂಡಿದ್ದ ಹಾಬಿಕೊ ಕಂಪನಿ 2018ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು.

ಇಲ್ಲಿ ನನ್ನ ವಾದಕ್ಕೆ ಅಡ್ಡ ಬರುವ ಒಂದು ಸಂಗತಿಯಿದೆ. ‘ಫ್ಲೈಯಿಂಗ್ ಮಾಡೆಲ್ಸ್’ ಕೊನೆಯವರೆಗೂ ನಕ್ಷೆಗಳನ್ನು ಬಿಡಲಿಲ್ಲ. ‘ಆರ್‌ಸಿ ಮಾಡೆಲರ್’ ಕೂಡ ನಿರ್ಮಾಣ ಲೇಖನಗಳನ್ನು ಕೊಡುತ್ತಲೇ ಇತ್ತು. ನಿಷ್ಠೆಗೆ ಬಹುಮಾನ ಸಿಗಲಿಲ್ಲ. ಇತ್ತ ಇಂಡಿಯಾನಾದ ಮನ್ಸಿಯಲ್ಲಿ ನೆಲೆಸಿರುವ, 1936ರಲ್ಲಿ ಸ್ಥಾಪನೆಯಾದ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್‌ನ ‘ಮಾಡೆಲ್ ಏವಿಯೇಷನ್’ ಉಳಿದುಕೊಂಡಿತು. ಉಳಿದದ್ದು ಸದಸ್ಯತ್ವದ ಶುಲ್ಕದ ಬೆಂಬಲದಿಂದ. ಬರಹ ಎಷ್ಟು ಗಟ್ಟಿ ಎಂಬುದಕ್ಕೂ ಇದಕ್ಕೂ ನಂಟು ಕಡಿಮೆ. ಹಾಗಾಗಿ ಪತ್ರಿಕೆಗಳು ಕಟ್ಟುವವನ ಜೊತೆಗೇ ನಿಂತಿದ್ದರೆ ಬದುಕುತ್ತಿದ್ದವು ಎಂದು ನಾನು ಹೇಳಲಾರೆ. ಮರ್ಯಾದೆಯಿಂದ ಸಾಯುತ್ತಿದ್ದವು ಎನ್ನಬಹುದು. ‘ಫ್ಲೈಯಿಂಗ್ ಮಾಡೆಲ್ಸ್’ ಸತ್ತದ್ದು ಹಾಗೆಯೇ.

ಅವುಗಳ ಜಾಗಕ್ಕೆ ಬಂದದ್ದೇನು? ವಿಡಿಯೊ. ಕೆಲವು ವಿಷಯಗಳಲ್ಲಿ ವಿಡಿಯೊ ಗೆಲ್ಲುತ್ತದೆ. ರೆಕ್ಕೆಗೆ ಅಂಟಿಸಿದ ಟಿಶ್ಯೂ ಕಾಗದದ ಮೇಲೆ ನೀರು ಸಿಂಪಡಿಸಿದಾಗ ಅದು ಮೊದಲು ಜೋತುಬಿದ್ದು, ಒಣಗುತ್ತ ಮದ್ದಳೆಯಂತೆ ಬಿಗಿಯುವುದನ್ನು ಯಾವ ಗದ್ಯವೂ ಅಷ್ಟು ಚೆನ್ನಾಗಿ ತೋರಿಸಲಾರದು. ಆದರೆ ನಲವತ್ತು ನಿಮಿಷದ ವಿಡಿಯೊದಲ್ಲಿ ಗುರುತ್ವ ಕೇಂದ್ರ ರೆಕ್ಕೆಯ ಮುಂದಿನ ಅಂಚಿನಿಂದ ಎಷ್ಟು ಹಿಂದೆ ಇರಬೇಕೆಂಬ ಒಂದು ಅಂಕಿಯನ್ನು ಹುಡುಕಿ ನೋಡಿ. ಇದೆಯೋ ಇಲ್ಲವೋ ಗೊತ್ತಾಗುವಷ್ಟರಲ್ಲಿ ಅಂಟು ಒಣಗಿರುತ್ತದೆ. ಕೇಳುವ ಸಂಪಾದಕ ಇಲ್ಲಿಲ್ಲ. “ರೆಕ್ಕೆಯ ಉದ್ದದ ತೊಲೆ ಎಷ್ಟು ದಪ್ಪ? ಯಾವ ಮರ? ಮೊದಲ ವಿಮಾನ ಯಾಕೆ ಬಿತ್ತು?” ಎಂದು ಕೇಳಿ, ಉತ್ತರ ಬಾರದಿದ್ದರೆ ಹಸ್ತಪ್ರತಿ ವಾಪಸು ಕಳಿಸುವವರು ಇಲ್ಲ. ಹಳೆಯ ನಕ್ಷೆಗಳಂತೂ ಸಾವಿರಾರು ಸಂಖ್ಯೆಯಲ್ಲಿ ಸ್ಕ್ಯಾನ್ ಆಗಿ ಪುಕ್ಕಟೆ ಸಿಗುತ್ತವೆ; 1938ರ ವಿಮಾನವನ್ನು ಇವತ್ತು ಲೇಸರ್‌ನಲ್ಲಿ ಕತ್ತರಿಸಿ ಕಟ್ಟುವವರಿದ್ದಾರೆ. ಹಳೆಯದು ಹೀಗೆ ಭದ್ರವಾಗಿದೆ. ಹೊಸ ನಕ್ಷೆಯನ್ನು ಪರೀಕ್ಷಿಸಿ, ತಿದ್ದಿಸಿ, ಹೆಸರು ಹಾಕಿ ಹೊರತರುವ ವ್ಯವಸ್ಥೆಯೇ ಕುಸಿದದ್ದು.

ಈ ಪತ್ರಿಕೆಗಳೇ ದೊಡ್ಡ ಎಂಜಿನಿಯರುಗಳನ್ನು ತಯಾರು ಮಾಡಿದವು ಎಂಬ ಮಾತಿನಲ್ಲಿ ಉತ್ಪ್ರೇಕ್ಷೆಯಿದೆ. ಆದರೂ 1977ರಲ್ಲಿ ಮನುಷ್ಯನ ಕಾಲುಬಲದಿಂದಲೇ ಹಾರಿ ಕ್ರೆಮರ್ ಬಹುಮಾನ ಗೆದ್ದ ‘ಗಾಸಮರ್ ಕಾಂಡೋರ್’ ವಿಮಾನವನ್ನು ರೂಪಿಸಿದ ಪಾಲ್ ಮ್ಯಾಕ್ರೆಡಿ ಹುಡುಗನಾಗಿದ್ದಾಗ ಮಾದರಿ ವಿಮಾನದ ಸ್ಪರ್ಧೆಗಳನ್ನು ಗೆದ್ದವರು. ಮುರಿದರೆ ಬೇಗ ಕಟ್ಟಿ ಮತ್ತೆ ಹಾರಿಸಬಹುದಾದ ವಿಮಾನ ಮಾಡಬೇಕೆಂಬ ಅವರ ಹಟ ಹವ್ಯಾಸಿಯದೇ. 2003ರ ಆಗಸ್ಟ್‌ನಲ್ಲಿ ಮೇನಾರ್ಡ್ ಹಿಲ್ ಮತ್ತು ಗೆಳೆಯರು ಐದು ಕಿಲೋ ತೂಕದ ವಿಮಾನವೊಂದನ್ನು ನ್ಯೂಫೌಂಡ್‌ಲ್ಯಾಂಡಿನಿಂದ ಐರ್ಲೆಂಡಿಗೆ, ಸುಮಾರು 3,000 ಕಿಲೋಮೀಟರು, ಸುಮಾರು 39 ಗಂಟೆ ಹಾರಿಸಿದರು. ಆಗ ಹಿಲ್ ಅವರಿಗೆ ಎಪ್ಪತ್ತು ದಾಟಿತ್ತು, ಕಣ್ಣು ಹೆಚ್ಚು ಕಡಿಮೆ ಕಾಣುತ್ತಿರಲಿಲ್ಲ. ಬಾಲ್ಸಾ ಕೈಗೆ ಗೊತ್ತಿದ್ದವರ ಕೆಲಸ ಅದು.

ನಮ್ಮಲ್ಲಿ ಎನ್‌ಸಿಸಿ ವಾಯುದಳದ ಕೆಡೆಟ್‌ಗಳು ಏರೋಮಾಡೆಲಿಂಗ್ ಮಾಡುತ್ತಾರೆ. ಎಂಜಿನಿಯರಿಂಗ್ ಕಾಲೇಜುಗಳ ತಂಡಗಳು ಸ್ಪರ್ಧೆಗೆಂದು ವಿಮಾನ ಕಟ್ಟುತ್ತವೆ. ಸ್ಪರ್ಧೆ ಮುಗಿದ ಮೇಲೆ ಆ ನಕ್ಷೆ ಯಾರದೋ ಲ್ಯಾಪ್‌ಟಾಪಿನಲ್ಲಿ ಉಳಿದು, ಹುಡುಗರು ಪಾಸಾಗಿ ಹೋದರೆ, ಮುಂದಿನ ತಂಡ ಅದೇ ತಪ್ಪನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಬಾಲ್ಸಾ ಹೆಚ್ಚಾಗಿ ಎಕ್ವಡಾರ್‌ನಿಂದ ಬರಬೇಕು. ಗಾಳಿಯಂತ್ರದ ರೆಕ್ಕೆಗಳಿಗೂ ಅದೇ ಮರ ಬೇಕಾಗಿ ಕೆಲವು ವರ್ಷಗಳ ಹಿಂದೆ ಬೆಲೆ ಏರಿದ್ದೂ ಉಂಟು. ಅದರ ಬದಲು ಥರ್ಮೊಕೋಲಿನಲ್ಲಿ, ಕೊರೊಪ್ಲಾಸ್ಟ್ ಎಂಬ ಪ್ಲಾಸ್ಟಿಕ್ ಹಾಳೆಯಲ್ಲಿ, ನಮ್ಮ ಪೇಟೆಯಲ್ಲಿ ಸಿಗುವ ಅಂಟಿನಲ್ಲಿ ಕಟ್ಟಿ ಹಾರಿಸಿದ ಒಂದು ವಿಮಾನದ ನಕ್ಷೆಯನ್ನು ಕನ್ನಡದಲ್ಲಿ ಬರೆದು ಅಚ್ಚು ಹಾಕಲು ದೊಡ್ಡ ಪತ್ರಿಕೆಯೇನೂ ಬೇಕಿಲ್ಲ; ಕಾಲೇಜಿನ ವಾರ್ಷಿಕ ಸಂಚಿಕೆಯ ಆರು ಪುಟ ಸಾಕು. ತಂಡಗಳಿಗೆ ಮಾರ್ಗದರ್ಶನ ಮಾಡುವ ಮೇಷ್ಟ್ರುಗಳು ಈ ವರ್ಷ ಅಷ್ಟು ಮಾಡಿಸಲಿ. ಸಾಮಗ್ರಿಯ ತೂಕ, ಗುರುತ್ವ ಕೇಂದ್ರದ ಅಳತೆ, ಮೊದಲ ಸಲ ಬಿದ್ದದ್ದು ಯಾಕೆ ಎಂಬ ಮೂರನ್ನು ಬಿಡದೆ ಬರೆಸಲಿ, ಕೆಳಗೆ ಕಟ್ಟಿದವರ ಹೆಸರು ಹಾಕಲಿ.