ಕರೆ ಮಾಡಿದವರ ರೇಡಿಯೊ

ನ್ಯೂಯಾರ್ಕಿನ ಡಬ್ಲ್ಯುಎಫ್‌ಎಎನ್ ರೇಡಿಯೊ ಕೇಂದ್ರ 1987ರ ಜುಲೈ 1ರಂದು 1050 ಎಎಂನಲ್ಲಿ ಶುರುವಾಯಿತು. ಹಗಲಿರುಳೂ ಆಟದ ಮಾತನ್ನೇ ಆಡುವ ಮೊದಲ ಕೇಂದ್ರವೆಂದು ಅದಕ್ಕೆ ಹೆಸರು. ಅಲ್ಲಿ ಮೊದಲು ಕೇಳಿದ್ದು ಸುಜಿನ್ ವಾಲ್ಡ್‌ಮನ್ ಎಂಬ ಹೆಣ್ಣುದನಿ; ಆ ಗಂಡಸರ ಲೋಕದಲ್ಲಿ ಅದೇ ಒಂದು ವಿಶೇಷ. ಆರಂಭದಲ್ಲಿ ಹೊರಗಿನ ಹೆಸರಾಂತರನ್ನು ಕರೆತಂದರೂ ಕೇಂದ್ರ ಕುಂಟಿತು. 1988ರ ಅಕ್ಟೋಬರಿನಲ್ಲಿ ಡಬ್ಲ್ಯುಎನ್‌ಬಿಸಿ ಕೇಂದ್ರದ 660 ಎಎಂಗೆ ಸ್ಥಳಾಂತರವಾದಾಗ ಅಲ್ಲಿನ ಡಾನ್ ಐಮಸ್‌ನ ಬೆಳಗಿನ ಕಾರ್ಯಕ್ರಮವೂ ಜೊತೆಗೆ ಬಂತು. ಅದರಲ್ಲಿ ಆಟದ ಮಾತು ಕಡಿಮೆಯೇ, ಆದರೂ ಆಟದ ಕೇಂದ್ರದ ಹೊಟ್ಟೆ ತುಂಬಿಸಿದ್ದು ಅದು!

ಕೇಂದ್ರಕ್ಕೆ ಗುಣ ಕೊಟ್ಟದ್ದು ಮಾತ್ರ 1989ರಲ್ಲಿ ಜೊತೆಗೂಡಿ 2008ರವರೆಗೆ ಮಧ್ಯಾಹ್ನಗಳನ್ನು ಆಳಿದ ಮೈಕ್ ಫ್ರಾನ್ಸೆಸಾ ಮತ್ತು ಕ್ರಿಸ್ ರೂಸೊ. ಇಬ್ಬರೂ ಲಾಂಗ್ ಐಲೆಂಡಿನವರು, ಉಚ್ಚಾರಣೆಯಲ್ಲೇ ಊರು ತಿಳಿಯುತ್ತಿತ್ತು. ಆದರೂ ರೂಸೊ ದೂರದ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡದ ಅಭಿಮಾನಿ ಎಂಬುದೊಂದು ತಮಾಷೆ. ಅಂದರೆ ಸ್ಥಳೀಯತೆ ಇದ್ದದ್ದು ತಂಡನಿಷ್ಠೆಯಲ್ಲಲ್ಲ, ಜಗಳವಾಡುವ ರೀತಿಯಲ್ಲಿ. ಇದೆಲ್ಲ ಬರೀ ಕೂಗಾಟ, ಅರೆಬೆಂದ ಅಭಿಪ್ರಾಯ ಎನ್ನುವವರಿದ್ದಾರೆ. ಕೂಗಾಟ ಇತ್ತು, ನಿಜ. ಆದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಬರುತ್ತಿದ್ದ ಸ್ಕೋರಿನ ಸುದ್ದಿ ವಾದಕ್ಕೆ ಲಗಾಮು ಹಾಕುತ್ತಿತ್ತು. ನಿನ್ನೆ ಆಡಿದ ಮಾತನ್ನು ಇಂದು ಫೋನಿನಲ್ಲಿ ಎತ್ತಿ ತೋರಿಸುವ ಕೇಳುಗನಿದ್ದ. ಪತ್ರಿಕೆಯ ಅಂಕಣಕಾರನಿಗೆ ಅಷ್ಟು ಬೇಗ ಉತ್ತರ ಹೇಳಬೇಕಾದ ಕಷ್ಟ ಎಲ್ಲಿತ್ತು? ಇದೇ ಕೇಂದ್ರದ ಸ್ಟೀವ್ ಸಾಮರ್ಸ್ ರಾತ್ರಿಯೆಲ್ಲ ನಿಧಾನ ದನಿಯಲ್ಲಿ ಹರಟಿದಾಗ, ಸೋತ ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡವೂ ಬೆಳಗಿನವರೆಗೆ ಮಾತಿಗೆ ವಸ್ತುವಾಗುತ್ತಿತ್ತು.