ಮಿದುಳಿನ ಎಡಬಲ: ಒಂದು ಪರಾಮರ್ಶೆ

ಎಡಬಲಗಳ ಸಮತೋಲದಲ್ಲಿ ಮನಸ್ಸಿನ ಸ್ವಾಸ್ಥ್ಯವಡಗಿದೆಯೆಂಬ ಭಾವನೆ ಕನ್ನಡಿಗರಿಗೆ ಹೊಸದಲ್ಲ. ಇಡಾ-ಪಿಂಗಳೆಗಳ ವಿಚಾರ ಶರಣರ ವಚನಗಳಲ್ಲಿಯೂ ಬಂದಿದೆ. ಅದೇ ಆಶೆ ಇಂದು ಯಂತ್ರದ ನೆರವಿನಿಂದ ಮರಳಿ ಬಂದಿರುವುದರಿಂದ ಅದರ ಬೆಲೆಯನ್ನು ಒರೆಹಚ್ಚಿ ನೋಡುವುದು ಅವಶ್ಯ.

ನ್ಯೂರೋಫೀಡ್‌ಬ್ಯಾಕ್ ಎಂಬ ಈ ವಿಧಾನದಲ್ಲಿ ತಲೆಯ ಮುಂಭಾಗದ ಎಡಬಲಗಳಿಂದ ಆಲ್ಫಾ ತರಂಗಗಳನ್ನು ಅಳೆಯುತ್ತಾರೆ. ಇವೆರಡರ ಅಂತರ ಗೊತ್ತುಪಡಿಸಿದ ದಿಕ್ಕಿಗೆ ಹೊರಳಿದಾಗ ಯಂತ್ರ ಮೆಚ್ಚುಗೆಯ ಸಂಕೇತ ಕೊಡುತ್ತದೆ. ಅಭ್ಯಾಸಿ ಅದನ್ನೇ ಮತ್ತೆ ಮತ್ತೆ ಪಡೆಯಲು ಯತ್ನಿಸಬೇಕು. ಆಲ್ಫಾ ಹೆಚ್ಚಿದ ಪಾರ್ಶ್ವದಲ್ಲಿ ಚಟುವಟಿಕೆ ಕುಗ್ಗಿದೆಯೆಂದು ಎಣಿಸುವುದು ರೂಢಿ. ಎಡಪಾರ್ಶ್ವದ ಚಟುವಟಿಕೆ ಉತ್ಸಾಹಕ್ಕೂ ಬಲಪಾರ್ಶ್ವದ್ದು ಹಿಂಜರಿಕೆಗೂ ಸಂಬಂಧಿಸಿದೆಯೆಂಬುದು ರಿಚರ್ಡ್ ಡೇವಿಡ್‌ಸನ್ ಮೊದಲಾದವರ ಪ್ರತಿಪಾದನೆ.

2001ರಲ್ಲಿ ಜಾನ್ ಆಲೆನ್ ಮತ್ತು ಸಂಗಡಿಗರು 18 ಮಂದಿ ಸ್ತ್ರೀಯರನ್ನು ಎರಡು ಗುಂಪು ಮಾಡಿ, ವಿರುದ್ಧ ದಿಕ್ಕುಗಳಲ್ಲಿ 5 ದಿನ ತರಬೇತುಗೊಳಿಸಿದರು. ಅಸಮತೆ ಬದಲಾಯಿತು, ಚಲಚ್ಚಿತ್ರದ ತುಣುಕುಗಳನ್ನು ನೋಡುವಾಗಿನ ಭಾವವೂ ಮುಖಸ್ನಾಯುಗಳ ಚಲನೆಯೂ ತರಬೇತಿಯ ದಿಕ್ಕನ್ನು ಅನುಸರಿಸಿದವು. ಇದು ಗಣ್ಯವಾದ ಫಲವೇ ಸರಿ. ಆದರೆ ಪ್ರಯೋಗಶಾಲೆಯ ಕ್ಷಣಿಕ ಭಾವಕ್ಕೂ ತಿಂಗಳುಗಟ್ಟಲೆ ಕಾಡುವ ಖಿನ್ನತೆಗೂ ಬಹು ಅಂತರವಿದೆ. ಈ ಅಸಮತೆಯಿಂದ ಖಿನ್ನತೆಯನ್ನು ಗುರುತಿಸುವುದು ನೆಚ್ಚತಕ್ಕುದಲ್ಲವೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯೊಂದು ತೋರಿಸಿತು. ಗುರುತೇ ಸಂದಿಗ್ಧವಾದಲ್ಲಿ ಅದನ್ನು ತಿದ್ದಿದೊಡನೆ ರೋಗ ತಿದ್ದಿತೆನ್ನುವುದು ಸಾಹಸದ ಮಾತು.

ಇನ್ನೊಂದು ತೊಡಕುಂಟು. ಯಂತ್ರದ ಮುಂದೆ ಶ್ರದ್ಧೆಯಿಂದ ಕುಳಿತುಕೊಳ್ಳುವುದೇ ಸಮಾಧಾನ ತರಬಲ್ಲುದು. ಮಾನುವೆಲ್ ಶಾಬುಸ್ ಮತ್ತು ಸಂಗಡಿಗರು 2017ರಲ್ಲಿ ನಿದ್ರಾಹೀನತೆಗೆ ಬೇರೊಂದು ತರಂಗದ ತರಬೇತಿಯನ್ನು ಪರೀಕ್ಷಿಸಿದಾಗ, ನಿಜವಾದ ತರಬೇತಿಯಿಂದಲೂ ಹುಸಿ ತರಬೇತಿಯಿಂದಲೂ ಜನರು ಸುಧಾರಣೆಯನ್ನು ಹೇಳಿಕೊಂಡರು. ನಿಜವಾದುದು ಹುಸಿಯನ್ನು ಮೀರಲಿಲ್ಲ. ಹೋಲಿಕೆಯಿಲ್ಲದ ಪ್ರಶಂಸೆ ಪ್ರಮಾಣವಾಗಲಾರದು.

ಪುಣೆ ಜಿಲ್ಲೆಯ ಚಾಕಣದ ಮೋಟಾರು ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವನಿಗೆ ಇದು ಕೇವಲ ಪಂಡಿತರ ಚರ್ಚೆಯಲ್ಲ. ಊರಿನಿಂದ ದೂರವಿದ್ದು ನಿದ್ದೆಗೆಟ್ಟವನ ಸಂಬಳಕ್ಕೆ ಯಂತ್ರದ ಭರವಸೆ ಸುಲಭವಾಗಿ ಕೈಚಾಚಬಲ್ಲುದು. ಆತನ ಮಿದುಳಿಗಿಂತ ಮೊದಲು ಆತನ ಪಾಳಿಯನ್ನೇ ಪರಿಶೀಲಿಸಬೇಕಾದೀತು. ಅದೇ ಜಿಲ್ಲೆಯ ಲೋಣಾವಳದಲ್ಲಿ 1924ರಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರು, ತಾವು ನಂಬಿದ ಯೋಗವನ್ನೂ ಪ್ರಯೋಗಶಾಲೆಯ ಪರೀಕ್ಷೆಗೆ ಒಡ್ಡಿದರು. ಪ್ರಾಚೀನ ಸಾಧನೆ ಒಪ್ಪಿಕೊಂಡ ಆ ಪರೀಕ್ಷೆಯಿಂದ ನೂತನ ಯಂತ್ರಕ್ಕೆ ವಿನಾಯಿತಿ ಸಲ್ಲದು.